ಬಣ್ಣ ಸೋತಿತು, ಸೆಲ್ಲು ಗೆದ್ದಿತು

1989ರ ಕೊನೆಯ ತಿಂಗಳುಗಳು. ಅಮೆರಿಕದ ಆಟಿಕೆ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ಆಡುವ ಎರಡು ಹೊಸ ವಿಡಿಯೋ ಗೇಮ್ ಯಂತ್ರಗಳು ಮಾರಾಟಕ್ಕೆ ಬಂದಿದ್ದವು. ಒಂದು ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಬಾಯ್. ಬೂದು ಬಣ್ಣದ, ಇಟ್ಟಿಗೆಯಂಥ ಪೆಟ್ಟಿಗೆ. ಪರದೆಯ ಬಣ್ಣವೋ ಪಾಚಿಗಟ್ಟಿದ ಕೊಳದ ನೀರಿನದು. ಆ ಹಸಿರಿನ ನಾಲ್ಕೇ ನಾಲ್ಕು ಛಾಯೆಗಳಲ್ಲಿ ಆಟವೆಲ್ಲ ನಡೆಯಬೇಕು. ಪರದೆಗೆ ಸ್ವಂತ ಬೆಳಕಿಲ್ಲ. ಸಂಜೆಯಾದರೆ ದೀಪದ ಕೆಳಗೆ ಹೋಗಿ ಕೂರಬೇಕು. ಬೆಲೆ ಸುಮಾರು 90 ಡಾಲರ್.

ಇನ್ನೊಂದು ಅಟಾರಿ ಕಂಪನಿಯ ಲಿಂಕ್ಸ್. ಬಣ್ಣದ ಪರದೆ, ಪರದೆಯ ಹಿಂದೆ ದೀಪ, ಕತ್ತಲಲ್ಲೂ ಹೊಳೆಯುವ ಚಿತ್ರ. ಬೆಲೆ ಸರಿಯಾಗಿ ದುಪ್ಪಟ್ಟು, 180 ಡಾಲರ್. ಮರುವರ್ಷ ಅಕ್ಟೋಬರಿನಲ್ಲಿ ಸೆಗಾ ಕಂಪನಿ ಜಪಾನಿನಲ್ಲಿ ಗೇಮ್ ಗೇರ್ ಎಂಬ ಮತ್ತೊಂದು ಬಣ್ಣದ ಯಂತ್ರವನ್ನು ಇಳಿಸಿತು. 1991ರಲ್ಲಿ ಅದು ಅಮೆರಿಕಕ್ಕೂ ಬಂತು, 150 ಡಾಲರಿಗೆ. ಗೇಮ್ ಬಾಯ್ ಕೊಂಡವರನ್ನು ಗೇಲಿ ಮಾಡುವ ಜಾಹೀರಾತುಗಳನ್ನೇ ಸೆಗಾ ಟಿವಿಯಲ್ಲಿ ತೋರಿಸಿತು. ಬಣ್ಣ ಎದುರಿಗೇ ಇರುವಾಗ ಪಾಚಿ ಹಸಿರನ್ನು ಯಾರು ಕೊಳ್ಳುತ್ತಾರೆ ಎಂಬ ಧೈರ್ಯ ಅದರದ್ದು.

ಕೊಂಡರು. ಗೇಮ್ ಬಾಯ್ ಮತ್ತು ಅದರ ನೇರ ಉತ್ತರಾಧಿಕಾರಿಯಾದ ಗೇಮ್ ಬಾಯ್ ಕಲರ್ ಎರಡೂ ಸೇರಿ ಜಗತ್ತಿನಾದ್ಯಂತ ಮಾರಾಟವಾದದ್ದು ಸುಮಾರು 11 ಕೋಟಿ 87 ಲಕ್ಷ. ಗೇಮ್ ಗೇರ್ ಒಂದು ಕೋಟಿಯನ್ನು ತುಸು ದಾಟಿ ನಿಂತಿತು. ಲಿಂಕ್ಸ್ ಅದರ ಹತ್ತಿರಕ್ಕೂ ಬರಲಿಲ್ಲ. ತಾಂತ್ರಿಕವಾಗಿ ಹಿಂದುಳಿದದ್ದು ಮುಂದುವರಿದದ್ದನ್ನು ಹೀಗೆ ಮಣ್ಣು ಮುಕ್ಕಿಸಿದ ಉದಾಹರಣೆ ಎಲೆಕ್ಟ್ರಾನಿಕ್ಸ್ ಚರಿತ್ರೆಯಲ್ಲಿ ಹೆಚ್ಚಿಲ್ಲ. ಕಾರಣ ಹುಡುಕಹೊರಟರೆ ಉತ್ತರ ಪರದೆಯ ಮೇಲೆ ಸಿಗುವುದಿಲ್ಲ. ಯಂತ್ರವನ್ನು ಮಗುಚಿ, ಹಿಂಬದಿಯ ಮುಚ್ಚಳ ತೆಗೆದು ನೋಡಬೇಕು. ಗೇಮ್ ಬಾಯ್‌ನಲ್ಲಿ ನಾಲ್ಕು ಪೆನ್ಸಿಲ್ ಸೆಲ್ಲುಗಳಿದ್ದವು. ಉಳಿದೆರಡರಲ್ಲಿ ಆರಾರು.

ಈ ನಾಲ್ಕು ಸೆಲ್ಲಿನ ಲೆಕ್ಕದ ಹಿಂದೆ ಗುನ್‌ಪೆ ಯೊಕೊಯ್ ಎಂಬ ಎಂಜಿನಿಯರ್ ಇದ್ದರು. ನಿಂಟೆಂಡೊ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ, ಇಸ್ಪೀಟಿನಂಥ ಜಪಾನೀ ಎಲೆಗಳನ್ನು ಮಾಡುವ ಸಣ್ಣ ಕಾರ್ಖಾನೆಯಾಗಿ. ಎಲೆಕ್ಟ್ರಾನಿಕ್ಸ್ ಓದಿದ್ದ ಯೊಕೊಯ್ 1965ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ್ದು ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳಲಿಕ್ಕೆ. ಬಿಡುವಿನಲ್ಲಿ ಅವರು ಹೊತ್ತು ಕಳೆಯಲೆಂದು ಮಾಡಿಕೊಂಡಿದ್ದ, ಚಾಚಿದರೆ ಉದ್ದವಾಗಿ ದೂರದ ವಸ್ತುವನ್ನು ಹಿಡಿಯುವ ಕೈಯೊಂದು ಕಂಪನಿಯ ಅಧ್ಯಕ್ಷ ಹಿರೋಶಿ ಯಮಾವುಚಿ ಅವರ ಕಣ್ಣಿಗೆ ಬಿತ್ತು. ಬೈಗುಳ ಬೀಳಬೇಕಿದ್ದಲ್ಲಿ ಆಟಿಕೆ ಹುಟ್ಟಿತು. 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಹೆಸರಿನಲ್ಲಿ ಅದು ಭರ್ಜರಿಯಾಗಿ ಮಾರಾಟವಾಯಿತು.

ಯೊಕೊಯ್ ಅವರ ಮುಂದಿನ ದೊಡ್ಡ ಯೋಚನೆ ಹುಟ್ಟಿದ್ದು ರೈಲಿನಲ್ಲಂತೆ. ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದಾಗ, ಬೇಸರಗೊಂಡ ಪ್ರಯಾಣಿಕನೊಬ್ಬ ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತುತ್ತಾ ಕಾಲ ಕಳೆಯುತ್ತಿದ್ದುದನ್ನು ಅವರು ಕಂಡರು. ಆ ದಶಕದಲ್ಲಿ ಶಾರ್ಪ್, ಕ್ಯಾಸಿಯೊ ಮೊದಲಾದ ಜಪಾನೀ ಕಂಪನಿಗಳು ಕ್ಯಾಲ್ಕ್ಯುಲೇಟರುಗಳಲ್ಲಿ ನಾ ಮುಂದು ತಾ ಮುಂದು ಎಂದು ಬಡಿದಾಡಿ, ಅದರ ಪರದೆ ಮತ್ತು ಚಿಪ್ಪುಗಳ ಬೆಲೆ ನೆಲಕ್ಕಿಳಿದಿತ್ತು. ಆ ಅಗ್ಗದ ಭಾಗಗಳನ್ನೇ ಬಳಸಿ 1980ರಲ್ಲಿ ನಿಂಟೆಂಡೊ ‘ಗೇಮ್ ಅಂಡ್ ವಾಚ್’ ತಂದಿತು. ಅಂಗೈಯಗಲದ ಯಂತ್ರ, ಒಂದೇ ಆಟ, ಜೊತೆಗೊಂದು ಗಡಿಯಾರ. ಇಂದು ಯಾವ ವಿಡಿಯೋ ಗೇಮ್ ಯಂತ್ರ ಹಿಡಿದರೂ ಎಡ ಹೆಬ್ಬೆರಳಿಗೆ ಸಿಗುವ ಕೂಡಿಸು ಚಿಹ್ನೆಯಾಕಾರದ ಗುಂಡಿ ಇದೆಯಲ್ಲ, ಅದು ಬಂದದ್ದೂ 1982ರ ಅಂಥದೊಂದು ಯಂತ್ರದಲ್ಲಿ.

ಯೊಕೊಯ್ ತಮ್ಮ ಈ ವಿಧಾನಕ್ಕೆ ಒಂದು ಹೆಸರನ್ನೇ ಇಟ್ಟಿದ್ದರು. ಜಪಾನೀ ಮಾತನ್ನು ಕನ್ನಡಕ್ಕೆ ತಂದರೆ ‘ಬಾಡಿದ ತಂತ್ರಜ್ಞಾನದ ಅಡ್ಡ ಯೋಚನೆ’ ಎಂದಾದೀತು. ಬಾಡಿದ್ದು ಎಂದರೆ ಕೆಟ್ಟದ್ದು ಎಂದಲ್ಲ. ಹಳೆಯದಾಗಿ, ಅದರ ಗುಣದೋಷಗಳೆಲ್ಲ ಗೊತ್ತಾಗಿ, ಅಗ್ಗವಾಗಿ ಹೇರಳವಾಗಿ ಸಿಗುವಂಥದ್ದು. ಅದನ್ನು ಯಾರೂ ಎಣಿಸದ ಕಡೆಗೆ ತಿರುಗಿಸಬೇಕು ಎಂಬುದು ಅವರ ವಾದ. ಹೊಸದರ ಬೆನ್ನು ಹತ್ತಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಅದು ಆಟಿಕೆಯಾಗಿ ಉಳಿಯುವುದಿಲ್ಲ.

ಇಲ್ಲಿ ಪರದೆಯ ವಿಜ್ಞಾನವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಇಡೀ ಜಗಳದ ಮೂಲ ಅದರಲ್ಲಿದೆ.

ಕ್ಯಾಲ್ಕ್ಯುಲೇಟರಿನಲ್ಲಿರುವ ದ್ರವಸ್ಫಟಿಕ ಪರದೆ ತಾನಾಗಿ ಬೆಳಗುವುದಿಲ್ಲ. ಎರಡು ಗಾಜಿನ ಹಾಳೆಗಳ ನಡುವೆ ದ್ರವಸ್ಫಟಿಕದ ತೆಳು ಪದರ ಇರುತ್ತದೆ. ವಿದ್ಯುತ್ ಸೋಕಿದ ಕಡೆ ಅದರ ಅಣುಗಳು ತಿರುಗಿಕೊಂಡು ಬೆಳಕಿನ ದಾರಿ ಮುಚ್ಚುತ್ತವೆ. ಬಚ್ಚಲುಮನೆಯ ಗವಾಕ್ಷಿಗೆ ಗಾಜಿನ ಪಟ್ಟಿಗಳನ್ನು ಹಾಕಿರುತ್ತಾರಲ್ಲ, ಪಟ್ಟಿಗಳನ್ನು ಓರೆ ಮಾಡಿದರೆ ಬೆಳಕು, ಮುಚ್ಚಿದರೆ ಕತ್ತಲು, ಹೆಚ್ಚುಕಡಿಮೆ ಹಾಗೆ. ಗೇಮ್ ಬಾಯ್ ಪರದೆಯಲ್ಲಿ ಇಂಥ 160 ಅಡ್ಡ, 144 ಉದ್ದ, ಒಟ್ಟು 23,040 ಪುಟ್ಟ ಗವಾಕ್ಷಿಗಳು. ಹಿಂದೆ ಕನ್ನಡಿಯಂಥ ಒಂದು ಪದರ. ಕೋಣೆಯ ಬೆಳಕು ಮುಂದಿನಿಂದ ಒಳಹೊಕ್ಕು ಹಿಂದಕ್ಕೆ ಬಡಿದು ವಾಪಸು ಬರುತ್ತದೆ. ಬೆಳಕು ಸೂರ್ಯನದ್ದು ಅಥವಾ ಮನೆಯ ಬಲ್ಬಿನದ್ದು. ಸೆಲ್ಲಿನದ್ದಲ್ಲ. ಗವಾಕ್ಷಿಗಳನ್ನು ತೆರೆದು ಮುಚ್ಚಲಷ್ಟೇ ಸೆಲ್ಲಿನ ಶಕ್ತಿ ಬೇಕು, ಅದೂ ಅತ್ಯಲ್ಪ.

ಬಣ್ಣ ಬೇಕೆಂದರೆ ಲೆಕ್ಕ ತಪ್ಪುತ್ತದೆ. ಪ್ರತಿಯೊಂದು ಚುಕ್ಕಿಯನ್ನೂ ಮೂರಾಗಿ ಸೀಳಿ ಕೆಂಪು, ಹಸಿರು, ನೀಲಿ ಸೋಸುಗಳನ್ನು ಹಾಕಬೇಕು. ಕೆಂಪು ಸೋಸು ಕೆಂಪನ್ನು ಮಾತ್ರ ಬಿಟ್ಟು ಉಳಿದ ಬೆಳಕನ್ನೆಲ್ಲ ನುಂಗುತ್ತದೆ; ಉಳಿದೆರಡೂ ಹಾಗೆಯೇ. ಸುಮಾರು ಮೂರರಲ್ಲಿ ಎರಡು ಪಾಲು ಬೆಳಕು ಅಲ್ಲೇ ಖರ್ಚು. ಕೋಣೆಯ ಬೆಳಕು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಪರದೆಯ ಬೆನ್ನಿಗೆ ದೀಪ ಕೂರಿಸಲೇಬೇಕು. 1990ರ ಸುಮಾರಿಗೆ ಅಂಥ ದೀಪವೆಂದರೆ ನಮ್ಮ ಮನೆಯ ಟ್ಯೂಬ್‌ಲೈಟಿನ ಮರಿ. ಸೆಲ್ಲಿನ ಅಲ್ಪ ವೋಲ್ಟೇಜನ್ನು ಎತ್ತರಿಸಿ ಅದನ್ನು ಹೊತ್ತಿಸಬೇಕು. ಇಂದಿನ ಫೋನುಗಳಲ್ಲಿರುವ ಬಿಳಿ ಎಲ್‌ಇಡಿ ಆಗ ಇರಲಿಲ್ಲ. ಬಿಳಿಗೆ ಬೇಕಾದ ಪ್ರಖರ ನೀಲಿ ಎಲ್‌ಇಡಿಯನ್ನು ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಸಾಧಿಸಿ ತೋರಿಸಿದ್ದೇ 1993ರಲ್ಲಿ. ಅಂದರೆ ಬಣ್ಣ ಬೇಕೆಂದವರು ಟ್ಯೂಬ್‌ಲೈಟನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಬೇಕಿತ್ತು.

ಬಣ್ಣದ ಪರದೆ ಆಗ ಯಾರಿಗೂ ಸಿಗದ ಮಾಯಾವಸ್ತುವೇನೂ ಆಗಿರಲಿಲ್ಲ. ಯೊಕೊಯ್ ಅದನ್ನು ಬೇಡವೆಂದೇ ಬಿಟ್ಟರು. ಆದರೆ ಅವರ ತಂಡಕ್ಕೆ ಹಸಿರು ಪರದೆಯೂ ಸುಲಭವಾಗಿ ಒಲಿಯಲಿಲ್ಲ. ಮೊದಲು ಆರಿಸಿದ ಪರದೆ ನೇರವಾಗಿ ನೋಡಿದರೆ ಚೆನ್ನಾಗಿತ್ತು, ಸ್ವಲ್ಪ ಓರೆಯಾದರೆ ಮಾಯ. ಅಧ್ಯಕ್ಷ ಯಮಾವುಚಿ ಕೈಗೆತ್ತಿಕೊಂಡು, ಇದರಲ್ಲಿ ಏನೂ ಕಾಣಿಸುತ್ತಿಲ್ಲವಲ್ಲ ಎಂದುಬಿಟ್ಟರಂತೆ. ಶಾರ್ಪ್ ಕಂಪನಿಯ ಇನ್ನೊಂದು ಬಗೆಯ ಪರದೆ ಬಂದು ಯೋಜನೆ ಉಳಿಯಿತು. ಯಂತ್ರದ ಒಳಗಿನ ವಿನ್ಯಾಸ ನೋಡಿಕೊಂಡವರು ಸತೊರು ಒಕಾಡಾ. ಯೊಕೊಯ್ ಅವರ ಮನಸ್ಸು ಗೇಮ್ ಅಂಡ್ ವಾಚ್‌ನಂಥ ಸರಳ ಆಟಿಕೆಯ ಕಡೆಗಿದ್ದರೆ, ಆಟಗಳನ್ನು ಬದಲಾಯಿಸುತ್ತ ವರ್ಷಗಟ್ಟಲೆ ಬಾಳುವ ಯಂತ್ರವೇ ಬೇಕೆಂದು ಹಟ ಹಿಡಿದವರು ಒಕಾಡಾ. ಆಟಗಳು ಪ್ರತ್ಯೇಕ ಕಾರ್ಟ್ರಿಜ್‌ಗಳಲ್ಲಿ (ನಮ್ಮ ಹುಡುಗರು ಅದನ್ನು ಕ್ಯಾಸೆಟ್ ಎಂದೇ ಕರೆಯುತ್ತಿದ್ದರು) ಬಂದದ್ದು ಹೀಗೆ. ಕೀರ್ತಿಯೆಲ್ಲ ಯೊಕೊಯ್ ಹೆಸರಿಗೇ ಜಮೆಯಾಗಿರುವುದು ನ್ಯಾಯವಲ್ಲ.

ಎದುರಾಳಿಗಳೂ ಸಾಮಾನ್ಯರಲ್ಲ. ಲಿಂಕ್ಸ್ ಅನ್ನು ಕಲ್ಪಿಸಿದ ಡೇವ್ ನೀಡಲ್ ಮತ್ತು ಆರ್.ಜೆ. ಮಿಕಲ್ ಅದಕ್ಕೂ ಮುಂಚೆ ಅಮಿಗಾ ಎಂಬ ಪ್ರಸಿದ್ಧ ಕಂಪ್ಯೂಟರನ್ನು ಕಟ್ಟಿದ ತಂಡದಲ್ಲಿದ್ದವರು. ಎಪಿಕ್ಸ್ ಎಂಬ ಕಂಪನಿಗಾಗಿ ಅವರು ಈ ಯಂತ್ರ ರೂಪಿಸಿದರು. ಎಪಿಕ್ಸ್ ಹಣದ ಮುಗ್ಗಟ್ಟಿಗೆ ಸಿಲುಕಿದಾಗ ಅದು ಅಟಾರಿಯ ಪಾಲಾಯಿತು. ಲಿಂಕ್ಸ್ ಒಳಗಿನ ಚಿತ್ರ ಬಿಡಿಸುವ ಚಿಪ್ಪು ಆ ಕಾಲಕ್ಕೆ ಅಚ್ಚರಿಯದು. ದೂರದ ಕಾರು ಹತ್ತಿರ ಬಂದಂತೆ ದೊಡ್ಡದಾಗಬೇಕೆಂದರೆ ಚಿತ್ರವನ್ನು ಅದು ತಾನೇ ಹಿಗ್ಗಿಸಿ ತೋರಿಸುತ್ತಿತ್ತು. 4096 ಬಣ್ಣಗಳ ಭಂಡಾರದಿಂದ ಒಮ್ಮೆಗೆ 16ನ್ನು ಆರಿಸಿಕೊಳ್ಳಬಹುದಿತ್ತು. ಎಡಗೈಯವರು ಯಂತ್ರವನ್ನು ತಲೆಕೆಳಗಾಗಿ ಹಿಡಿದರೆ ಚಿತ್ರವನ್ನೂ ತಿರುಗಿಸಿಕೊಳ್ಳಬಹುದಿತ್ತು. ಎಡಗೈಯವರ ಬಗ್ಗೆ ಇಷ್ಟು ಯೋಚಿಸಿದ ಯಂತ್ರ ಆಮೇಲೂ ಹೆಚ್ಚು ಬಂದಿಲ್ಲ.

ಅದರ ಗಾತ್ರದ ಕಥೆ ಮಾತ್ರ ವಿಚಿತ್ರ. ಮೊದಲ ಲಿಂಕ್ಸ್ ಒಳಗೆ ಸಾಕಷ್ಟು ಜಾಗ ಖಾಲಿಯೇ ಇತ್ತು. ಕೊಟ್ಟ ದುಡ್ಡಿಗೆ ತಕ್ಕಂತೆ ವಸ್ತು ದೊಡ್ಡದಾಗಿರಲಿ ಎಂದು ಅಮೆರಿಕದ ಗ್ರಾಹಕರು ಸಮೀಕ್ಷೆಯಲ್ಲಿ ಹೇಳಿದ್ದರಿಂದ ಹಾಗೆ ಮಾಡಬೇಕಾಯಿತು ಎಂದು ನೀಡಲ್ ಆಮೇಲೆ ಸಿಟ್ಟಿನಿಂದಲೇ ಹೇಳಿದ್ದುಂಟು. ಜೇಬಿಗಿಳಿಯಬೇಕಾದ ವಸ್ತುವಿನ ಒಳಗೆ ಗಾಳಿ ತುಂಬಿ ಮಾರಿದಂತಾಯಿತು.

ಗೇಮ್ ಗೇರ್‌ನಲ್ಲಿ ಇಂಥ ಹೊಸತನವಿರಲಿಲ್ಲ. ಟಿವಿಗೆ ಜೋಡಿಸಿ ಆಡುವ ಸೆಗಾ ಮಾಸ್ಟರ್ ಸಿಸ್ಟಮ್‌ನ ಒಳಗಂಟನ್ನೇ ಸಣ್ಣದಾಗಿಸಿ, ಪರದೆ ಜೋಡಿಸಿ ಕೊಟ್ಟಿದ್ದರು. ಚುಕ್ಕಿಗಳು ಗೇಮ್ ಬಾಯ್‌ನಷ್ಟೇ, 160 ಮತ್ತು 144. ಒಮ್ಮೆಗೆ 32 ಬಣ್ಣ. ಬೇಕಾದವರು ಒಂದು ತುಣುಕು ಕೊಂಡು ಸಿಕ್ಕಿಸಿದರೆ ಟಿವಿ ಕಾರ್ಯಕ್ರಮವನ್ನೂ ನೋಡಬಹುದಿತ್ತು. ಕೈಯಲ್ಲೊಂದು ಟಿವಿ ಎಂಬುದು 1991ರಲ್ಲಿ ಯಾವ ಹುಡುಗನನ್ನಾದರೂ ಮರುಳು ಮಾಡುವಂಥದ್ದೇ.

ಈಗ ಸೆಲ್ಲಿನ ಲೆಕ್ಕಕ್ಕೆ ಬರೋಣ. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಸುಮಾರು 15 ಗಂಟೆ ನಡೆಯುತ್ತಿತ್ತು. ಲಿಂಕ್ಸ್ ಆರು ಸೆಲ್ಲಿನಲ್ಲಿ ನಾಲ್ಕೈದು ಗಂಟೆ. ಗೇಮ್ ಗೇರ್ ಮೂರರಿಂದ ಐದು ಗಂಟೆ, ನಾಲ್ಕೆಂದು ಹಿಡಿಯೋಣ. ಹುಡುಗನೊಬ್ಬ ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳು, ಅಂದರೆ 60 ಗಂಟೆ ಆಡುತ್ತಾನೆ ಎಂದಿಟ್ಟುಕೊಳ್ಳಿ. ಗೇಮ್ ಬಾಯ್‌ಗೆ ನಾಲ್ಕು ಸಲ ನಾಲ್ಕು, 16 ಸೆಲ್ಲು. ಗೇಮ್ ಗೇರ್‌ಗೆ ಹದಿನೈದು ಸಲ ಆರು, 90 ಸೆಲ್ಲು. ಅಂಗಡಿಯಲ್ಲಿ ಕಂಡ 60 ಡಾಲರ್ ವ್ಯತ್ಯಾಸ ಬರೀ ಆರಂಭ. ಆಮೇಲೆ ತಿಂಗಳು ತಿಂಗಳೂ ಬಣ್ಣಕ್ಕೆ ಬಾಡಿಗೆ ಕಟ್ಟಬೇಕು. ಆ ಬಾಡಿಗೆ ಅಪ್ಪನ ಜೇಬಿನಿಂದಲೋ ಹುಡುಗನ ಪುಡಿಗಾಸಿನಿಂದಲೋ ಹೋಗಬೇಕು.

ಸತ್ತ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದು ದಿನ ದುಡಿಸಿಕೊಳ್ಳುವ, ರಿಮೋಟಿನದ್ದನ್ನು ಕಿತ್ತು ಗೋಡೆ ಗಡಿಯಾರಕ್ಕೆ ಹಾಕುವ ನಮ್ಮ ಜನಕ್ಕೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರೀಮಂತ ಅಮೆರಿಕದಲ್ಲೂ ಅದು ಅಷ್ಟೇ ಬಿಗಿಯಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಡಾಪ್ಟರುಗಳು ಸಿಗುತ್ತಿದ್ದವು, ನಿಜ. ವೈರಿಗೆ ಕಟ್ಟಿಹಾಕಿದ ಮೇಲೆ ಅದು ಗೂಟಕ್ಕೆ ಬಿಗಿದ ಕರು. ಹಾಗೆ ಆಡುವುದಾದರೆ ಟಿವಿಯ ಮುಂದೆಯೇ ಕೂರಬಹುದು. ತೂಕವೂ ಅಷ್ಟೆ. ಸೆಲ್ಲು ಬಿಟ್ಟು ಗೇಮ್ ಬಾಯ್ ಸುಮಾರು 220 ಗ್ರಾಂ, ಗೇಮ್ ಗೇರ್ 400. ಆರು ಸೆಲ್ಲು ಹಾಕಿದರೆ ಅರ್ಧ ಕಿಲೋ ದಾಟುತ್ತದೆ. ಹತ್ತು ವರ್ಷದ ಹುಡುಗ ಅರ್ಧ ಕಿಲೋವನ್ನು ಗಾಳಿಯಲ್ಲಿ ಎಷ್ಟು ಹೊತ್ತು ಹಿಡಿದಾನು?

ಎದುರಾಳಿಗಳ ಯಂತ್ರ ಬರುತ್ತಿದೆ ಎಂಬ ಸುದ್ದಿ ತಂದ ಸಹೋದ್ಯೋಗಿಯನ್ನು ಯೊಕೊಯ್ ಕೇಳಿದ್ದು ಒಂದೇ ಪ್ರಶ್ನೆಯಂತೆ: ಅದು ಬಣ್ಣದ್ದೋ, ಕಪ್ಪುಬಿಳುಪಿನದೋ? ಬಣ್ಣದ್ದು ಎಂದಾಗ, ಹಾಗಾದರೆ ಭಯವಿಲ್ಲ ಎಂದು ಸುಮ್ಮನಾದರಂತೆ.

ಇಷ್ಟಕ್ಕೇ ಗೇಮ್ ಬಾಯ್ ಗೆದ್ದಿತು ಎಂದರೆ ಅರ್ಧ ಸತ್ಯ. ಅದರ ಪರದೆಯಲ್ಲಿ ನಿಜವಾದ ತೊಂದರೆಯಿತ್ತು. ಚಿತ್ರ ವೇಗವಾಗಿ ಓಡಿದರೆ ಹಿಂದೆ ಹೊಗೆಯ ಬಾಲದಂತೆ ಕಲೆ ಉಳಿಯುತ್ತಿತ್ತು. ಆದ್ದರಿಂದ ಆಟ ಬರೆಯುವವರು ಯಂತ್ರಕ್ಕೆ ತಕ್ಕಂತೆ ಹೆಜ್ಜೆ ಹಾಕಬೇಕಾಯಿತು: ಹಿನ್ನೆಲೆ ತಿಳಿಯಾಗಿರಲಿ, ಆಕೃತಿಗಳು ಸ್ಪಷ್ಟವಾಗಿರಲಿ, ಓಟ ನಿಧಾನವಿರಲಿ. ಹೀಗೆ ಹುಡುಕುತ್ತಿದ್ದ ಯಂತ್ರಕ್ಕೆ ಹೇಳಿ ಮಾಡಿಸಿದ ಆಟ ಸಿಕ್ಕಿದ್ದು ಸೋವಿಯತ್ ಒಕ್ಕೂಟದಿಂದ. ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸೀ ಪಜಿತ್ನೊವ್ 1984ರಲ್ಲಿ ರಚಿಸಿದ ಟೆಟ್ರಿಸ್. ಮೇಲಿನಿಂದ ಇಟ್ಟಿಗೆ ಬೀಳುತ್ತದೆ, ಸಂದುಬಿಡದೆ ಜೋಡಿಸಬೇಕು. ಹಿನ್ನೆಲೆ ಅಲ್ಲಾಡುವುದಿಲ್ಲ, ಒಮ್ಮೆಗೆ ಓಡುವುದು ಒಂದೇ ಆಕೃತಿ. ಬಣ್ಣವೇ ಬೇಡ, ಗೇಮ್ ಬಾಯ್ ಆವೃತ್ತಿಯಲ್ಲಿ ಇಟ್ಟಿಗೆಗಳ ಗುರುತಿಗೆ ಒಳಗಿನ ಗೆರೆ, ಚುಕ್ಕಿಗಳೇ ಸಾಕಾದವು. ಹಕ್ಕುಗಳಿಗಾಗಿ ಮಾಸ್ಕೋಗೆ ಓಡಿದ ಹೆಂಕ್ ರಾಜರ್ಸ್ ಎಂಬ ಉದ್ಯಮಿ, ಯಂತ್ರದ ಜೊತೆ ಮಾರಿಯೊ ಆಟ ಕೊಟ್ಟರೆ ಹುಡುಗರು ಮಾತ್ರ ಕೊಳ್ಳುತ್ತಾರೆ, ಟೆಟ್ರಿಸ್ ಕೊಟ್ಟರೆ ಎಲ್ಲರೂ ಕೊಳ್ಳುತ್ತಾರೆ ಎಂದು ನಿಂಟೆಂಡೊದ ಅಮೆರಿಕ ಶಾಖೆಯನ್ನು ಒಪ್ಪಿಸಿದರು. ಹಾಗೆಯೇ ಆಯಿತು. 1993ರಲ್ಲಿ ರಷ್ಯದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೊವ್ ತಮ್ಮ ಗೇಮ್ ಬಾಯ್ ಮತ್ತು ಟೆಟ್ರಿಸ್ ಅನ್ನು ಮಿರ್ ಅಂತರಿಕ್ಷ ನಿಲ್ದಾಣಕ್ಕೂ ಒಯ್ದಿದ್ದರು.

ಅಮೆರಿಕದ ಮನೆಗಳಲ್ಲಿ ಟಿವಿಗೆ ಜೋಡಿಸುವ ಆಟಗಳ ಮಾರುಕಟ್ಟೆ ಬಹುಪಾಲು ನಿಂಟೆಂಡೊ ಕೈಯಲ್ಲೇ ಇದ್ದದ್ದೂ ದೊಡ್ಡ ಬೆಂಬಲ. ಆಟ ತಯಾರಿಸುವವರು ಗಿರಾಕಿ ಹೆಚ್ಚಿರುವ ಕಡೆಗೇ ಹೋಗುತ್ತಾರೆ. ಗೇಮ್ ಬಾಯ್ ಆಟಗಳು ಸಾವಿರ ದಾಟಿದವು. ಲಿಂಕ್ಸ್ ಆಟಗಳು ಅದರ ಆಯುಷ್ಯದಲ್ಲಿ ನೂರನ್ನೂ ಮುಟ್ಟಲಿಲ್ಲ. ಎರಡು ಯಂತ್ರಗಳನ್ನು ವೈರಿನಿಂದ ಜೋಡಿಸಿ ಇಬ್ಬರು ಆಡುವ ವ್ಯವಸ್ಥೆ ಗೇಮ್ ಬಾಯ್‌ನಲ್ಲಿ ಮೊದಲಿನಿಂದ ಇತ್ತು. ಯಂತ್ರ ಮುದಿಯಾಯಿತು ಎನ್ನುವ ಹೊತ್ತಿಗೆ, 1996ರಲ್ಲಿ, ಆ ವೈರನ್ನೇ ನೆಚ್ಚಿಕೊಂಡು ಪೊಕೆಮಾನ್ ಹುಟ್ಟಿ ಇನ್ನೊಂದು ಆಯುಷ್ಯ ಕೊಟ್ಟಿತು.

ಆದರೂ ಸೆಲ್ಲನ್ನು ಮರೆತು ಬರೀ ಆಟಗಳ ಬಲದಿಂದ ವಿವರಿಸಲು ಹೊರಟರೆ ಎನ್‌ಇಸಿ ಕಂಪನಿಯ ಟರ್ಬೊ ಎಕ್ಸ್‌ಪ್ರೆಸ್ ಅಡ್ಡ ಬರುತ್ತದೆ. 1990ರಲ್ಲಿ ಬಂದ ಈ ಯಂತ್ರಕ್ಕೆ ಆಟಗಳ ಬರವಿರಲಿಲ್ಲ. ಅದೇ ಕಂಪನಿಯ ಟಿವಿ ಯಂತ್ರದ ಆಟಗಳೇ ನೇರವಾಗಿ ಇದರಲ್ಲೂ ನಡೆಯುತ್ತಿದ್ದವು. ಚಿತ್ರವಂತೂ ಎಲ್ಲರಿಗಿಂತ ಚೆಂದ. ಬೆಲೆ 250 ಡಾಲರ್, ಆರು ಸೆಲ್ಲಿಗೆ ಮೂರು ಗಂಟೆ. ಅದನ್ನು ಇಂದು ನೆನೆಸುವವರು ಸಂಗ್ರಾಹಕರು ಮಾತ್ರ. ಸೆಗಾ ಕೂಡ 1995ರಲ್ಲಿ ತನ್ನ ದೊಡ್ಡ ಟಿವಿ ಯಂತ್ರವನ್ನೇ ಕೈಗಿಳಿಸಿ ನೋಮಾಡ್ ಎಂದು ಮಾರಿತು. ಆರು ಸೆಲ್ಲು ಎರಡು ಮೂರು ಗಂಟೆಗೇ ಮುಗಿಯುತ್ತಿದ್ದವು. ಗೇಮ್ ಗೇರ್ ಮಾರಿದ ಅನುಭವವಿದ್ದ ಕಂಪನಿ ಹೀಗೇಕೆ ಮಾಡಿತೋ!

ನಮ್ಮಲ್ಲಿಗೆ ಬಂದರೆ, ಆಮದಿನ ಮೇಲೆ ನಿರ್ಬಂಧವಿದ್ದ ಆ ವರ್ಷಗಳಲ್ಲಿ ಗೇಮ್ ಬಾಯ್ ಕಂಡವರು ಕಡಿಮೆ. ಕಂಡಿದ್ದರೆ ಕೊಲ್ಲಿ ದೇಶದಿಂದ ರಜೆಗೆ ಬಂದ ನೆಂಟರ ಸೂಟ್‌ಕೇಸಿನಲ್ಲಿ. ಆದರೆ ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ‘ಬ್ರಿಕ್ ಗೇಮ್’ ಗೊತ್ತು. ಜಾತ್ರೆಯ ಅಂಗಡಿಯಲ್ಲಿ, ಫ್ಯಾನ್ಸಿ ಸ್ಟೋರುಗಳಲ್ಲಿ ತೂಗುತ್ತಿದ್ದ ಅಗ್ಗದ ಚೀನೀ ಯಂತ್ರ. ಪೆಟ್ಟಿಗೆಯ ಮೇಲೆ 9999 ಆಟಗಳೆಂದು ಬರೆದಿರುತ್ತಿತ್ತು; ಒಳಗಿದ್ದದ್ದು ಬೆರಳೆಣಿಕೆಯ ಆಟಗಳು, ವೇಗ ಮಾತ್ರ ಬೇರೆ ಬೇರೆ. ಪರದೆಯಲ್ಲಿ ಅಡ್ಡ 10, ಉದ್ದ 20, ಒಟ್ಟು 200 ಚೌಕಗಳು. ಎರಡು ಸೆಲ್ಲು ಹಾಕಿದರೆ ದಿನಗಟ್ಟಲೆ ಚಿಂತೆಯಿಲ್ಲ. ನಿಂಟೆಂಡೊಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಕ್ಯಾಲ್ಕ್ಯುಲೇಟರಿನ ಪರದೆಯಲ್ಲಿ ಇಟ್ಟಿಗೆ ಬೀಳಿಸಿ ಮಕ್ಕಳನ್ನು ಹಿಡಿದು ಕೂರಿಸಬಹುದೆಂಬ ಯೊಕೊಯ್ ಮಾತನ್ನು ಅದರಷ್ಟು ಅಗ್ಗವಾಗಿ ಯಾರೂ ಸಾಧಿಸಿ ತೋರಿಸಲಿಲ್ಲ.

ಯೊಕೊಯ್ ಅವರ ಕೊನೆಯ ವರ್ಷಗಳು ಸುಖದ್ದಾಗಿರಲಿಲ್ಲ. 1995ರಲ್ಲಿ ಅವರ ವರ್ಚುವಲ್ ಬಾಯ್ ಎಂಬ, ಕೆಂಪು ಬೆಳಕಿನಲ್ಲಿ ಆಳ ತೋರಿಸುವ ಯಂತ್ರ ಹೀನಾಯವಾಗಿ ಸೋತಿತು. 1996ರಲ್ಲಿ ಅವರು ನಿಂಟೆಂಡೊ ಬಿಟ್ಟರು. ಬಿಡುವ ವರ್ಷ ಬಂದ ಗೇಮ್ ಬಾಯ್ ಪಾಕೆಟ್ ಎರಡೇ ತೆಳು ಸೆಲ್ಲುಗಳಲ್ಲಿ ಹತ್ತು ಗಂಟೆ ನಡೆಯುತ್ತಿತ್ತು. ಪಾಚಿ ಹಸಿರೂ ಹೋಗಿ ಸ್ವಚ್ಛ ಕಪ್ಪುಬಿಳುಪು ಬಂದಿತ್ತು. ಆಮೇಲೆ ಸ್ವಂತ ಕಂಪನಿ ಕಟ್ಟಿ ಬಂಡಾಯ್ ಕಂಪನಿಗಾಗಿ ಹೊಸ ಯಂತ್ರದ ಕೆಲಸ ಹಿಡಿದಿದ್ದರು. 1997ರ ಅಕ್ಟೋಬರ್ 4ರಂದು ಹೆದ್ದಾರಿ ಅಪಘಾತದಲ್ಲಿ ತೀರಿಕೊಂಡರು. ವಂಡರ್‌ಸ್ವಾನ್ ಎಂಬ ಆ ಯಂತ್ರ 1999ರಲ್ಲಿ ಹೊರಬಂದಾಗ ಬೆಲೆ 4,800 ಯೆನ್. ಪರದೆ ಕಪ್ಪುಬಿಳುಪು. ಒಂದೇ ಒಂದು ಪೆನ್ಸಿಲ್ ಸೆಲ್ಲಿನಲ್ಲಿ 30 ಗಂಟೆ ನಡೆಯುತ್ತಿತ್ತು.

ಬಣ್ಣಕ್ಕೂ ಬೆಳಕಿಗೂ ನಿಂಟೆಂಡೊ ಒಂದೊಂದಾಗಿ ಬಾಗಿಲು ತೆರೆಯಿತು. ಹಿಂಬದಿ ದೀಪವಿಲ್ಲದೆಯೂ ಬಣ್ಣ ಕಾಣಿಸುವಷ್ಟು ಪರದೆಗಳು ಸುಧಾರಿಸಿದ ಮೇಲೆ, 1998ರಲ್ಲಿ, ಗೇಮ್ ಬಾಯ್ ಕಲರ್ ಬಂತು; ಎರಡು ಸೆಲ್ಲು, ಹತ್ತು ಗಂಟೆ. 2001ರ ಗೇಮ್ ಬಾಯ್ ಅಡ್ವಾನ್ಸ್‌ನಲ್ಲೂ ದೀಪವಿರಲಿಲ್ಲ, ಬೈಗುಳ ಸಾಕಷ್ಟು ಬಿತ್ತು. ಜಗತ್ತಿನೆಲ್ಲೆಡೆ ಮಾರುವ ಗೇಮ್ ಬಾಯ್‌ಗೆ ದೀಪ ಸಿಕ್ಕಿದ್ದು 2003ರಲ್ಲಿ, ಸೆಲ್ಲಿನ ಜಾಗದಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಬಂದಾಗ. ಆಗಲೂ ದೀಪ ಆರಿಸಲು ಒಂದು ಗುಂಡಿ ಇಟ್ಟಿದ್ದರು.

ಪೆನ್ಸಿಲ್ ಸೆಲ್ಲಿನ ಕಾಲ ಮುಗಿದರೂ ಜಗಳ ಮುಗಿದಿಲ್ಲ. 2022ರಲ್ಲಿ ಅಮೆರಿಕದ ವಾಲ್ವ್ ಕಂಪನಿ ಸ್ಟೀಮ್ ಡೆಕ್ ತಂದಿತು. ಕಂಪ್ಯೂಟರಿನ ಭಾರಿ ಆಟಗಳನ್ನು ಕೈಯಲ್ಲೇ ಆಡಿಸುವ ಯಂತ್ರ. ಪರದೆ ಮಾತ್ರ ಮಿತವಾದದ್ದು, ಅಡ್ಡ 1280, ಉದ್ದ 800 ಚುಕ್ಕಿ. ಬ್ಯಾಟರಿ 40 ವಾಟ್-ಅವರ್. ಮರುವರ್ಷ ತೈವಾನಿನ ಆಸುಸ್ ಕಂಪನಿ ರಾಗ್ ಆಲೈ ಎಂಬ ಎದುರಾಳಿಯನ್ನು ಇಳಿಸಿತು. ಅಡ್ಡ 1920, ಉದ್ದ 1080 ಚುಕ್ಕಿಗಳು, ಇನ್ನೂ ವೇಗದ ಪ್ರೊಸೆಸರ್, ಇನ್ನೂ ಚೆಂದದ ಚಿತ್ರ. ಬ್ಯಾಟರಿ ಅಷ್ಟೇ, 40 ವಾಟ್-ಅವರ್. ಭಾರಿ ಆಟ ಹಾಕಿದರೆ ಬೇಗ ಖಾಲಿಯಾಗುತ್ತದೆ ಎಂಬ ದೂರು ಎದ್ದಿತು. 2024ರಲ್ಲಿ ಆಸುಸ್ ಅದರ ಪರಿಷ್ಕೃತ ರೂಪ ತಂದಾಗ ಪರದೆಯನ್ನು ಹಾಗೇ ಉಳಿಸಿಕೊಂಡಿತು. ಬ್ಯಾಟರಿಯನ್ನು 80 ವಾಟ್-ಅವರ್‌ಗೆ ಏರಿಸಿತ್ತು.